ಫಾರ್ಮಸಿ ಓದಿ ಕ್ಲಿನಿಕಲ್ ರಿಸರ್ಚ್‌ನಲ್ಲಿ ಪಿಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಫಾರ್ಮ್ ಕೊನೆಯ ವರ್ಷದವರು, ಫಾರ್ಮ್.ಡಿ ಓದುತ್ತಿರುವವರು, ಅವರ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಕರ್ನಾಟಕದಲ್ಲಿ ಓದುತ್ತಿರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದು. ಆದರೆ ನಿಯಮಗಳು ದೇಶಕ್ಕೆಲ್ಲ ಒಂದೇ, ಹಾಗಾಗಿ ಹೊರಗಿನವರಿಗೂ ಬಹುಪಾಲು ಅನ್ವಯಿಸುತ್ತೆ.

ಕ್ಲಿನಿಕಲ್ ರಿಸರ್ಚ್ ಅಂದರೆ ಲ್ಯಾಬ್‌ನಲ್ಲಿ ಮಾಡೋ ಕೆಲಸವಾ?

ಅಲ್ಲ. ಲ್ಯಾಬ್ ಮತ್ತು ಪ್ರಾಣಿಗಳ ಹಂತ ಮುಗಿದ ಮೇಲೆ ಔಷಧವನ್ನು ಮನುಷ್ಯರಲ್ಲಿ ಪರೀಕ್ಷೆ ಮಾಡುತ್ತಾರಲ್ಲ, ಅಲ್ಲಿಂದ ಇದು ಶುರು. ಆ ಪರೀಕ್ಷೆಗೇ ಟ್ರಯಲ್ ಅನ್ನುತ್ತಾರೆ. ಔಷಧ ಸುರಕ್ಷಿತವಾ, ಎಷ್ಟು ಡೋಸ್ ಬೇಕು, ಈಗಿರುವ ಔಷಧಕ್ಕಿಂತ ಒಳ್ಳೆಯದಾ ಅಂತ ನೋಡುವುದು. ಮಾರುಕಟ್ಟೆಗೆ ಬಂದ ಮೇಲೆ ಅದರ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವುದೂ ಇದರ ಭಾಗವೇ. ಕೆಲಸ ನಡೆಯುವುದು ಆಸ್ಪತ್ರೆಯಲ್ಲಿ, ಎಥಿಕ್ಸ್ ಕಮಿಟಿಯ (ಟ್ರಯಲ್‌ನಲ್ಲಿ ರೋಗಿಗಳ ಹಿತ ಕಾಯುವ ಸಮಿತಿ) ಮೀಟಿಂಗ್‌ನಲ್ಲಿ, ಕಂಪ್ಯೂಟರ್ ಮುಂದೆ. ಬಿಳಿ ಕೋಟು ಹಾಕಿಕೊಂಡು ಟೆಸ್ಟ್ ಟ್ಯೂಬ್ ಹಿಡಿಯುವ ಆಸೆ ಇದ್ದರೆ ಫಾರ್ಮಾಸ್ಯೂಟಿಕ್ಸ್ ಅಥವಾ ಅನಾಲಿಸಿಸ್ ನೋಡಿ, ಅದು ಬೇರೆ ದಾರಿ.

ಇದಕ್ಕೆ ಡಾಕ್ಟರೇ ಆಗಿರಬೇಕಲ್ವಾ? ಫಾರ್ಮಸಿಯವರಿಗೆ ಏನು ಕೆಲಸ?

ರೋಗಿಯ ಚಿಕಿತ್ಸೆ ಬಗ್ಗೆ ತೀರ್ಮಾನ ಮಾಡುವುದು ಡಾಕ್ಟರ್. ಔಷಧದ ಟ್ರಯಲ್‌ಗಳಲ್ಲಿ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್, ಅಂದರೆ ಆ ಆಸ್ಪತ್ರೆಯಲ್ಲಿ ಟ್ರಯಲ್‌ನ ಹೊಣೆ ಹೊತ್ತವರಾಗಿ, ಸಹಿ ಹಾಕುವವರೂ ಅವರೇ. ಇದನ್ನು ಮೊದಲೇ ಒಪ್ಪಿಕೊಂಡು ಬನ್ನಿ. ಆದರೆ ಒಂದು ಟ್ರಯಲ್ ನಡೆಯಲು ಬೇಕಾದ ನೂರಾರು ಕೆಲಸಗಳಲ್ಲಿ ಆ ಸಹಿ ಒಂದು ಮಾತ್ರ.

ಟ್ರಯಲ್ ಔಷಧದ ವಿಷಯವನ್ನೇ ತೆಗೆದುಕೊಳ್ಳಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಇಂಜೆಕ್ಷನ್ ಪೆಟ್ಟಿಗೆ ಬರುತ್ತೆ. ಒಳಗಿರುವ ಟೆಂಪರೇಚರ್ ಲಾಗರ್ ನೋಡಬೇಕು. ದಾರಿಯಲ್ಲಿ ತಾಪಮಾನ ಮೇಲೆ ಹೋಗಿದ್ದರೆ ಆ ಸ್ಟಾಕನ್ನು ಬೇರೆ ಇಟ್ಟು, ಸ್ಪಾನ್ಸರ್ (ಟ್ರಯಲ್ ಮಾಡಿಸುವ ಕಂಪನಿ) ಉತ್ತರ ಬರುವ ತನಕ ಯಾರಿಗೂ ಕೊಡುವ ಹಾಗಿಲ್ಲ. ಪ್ರತಿ ಕಿಟ್ ನಂಬರ್ ಯಾವ ರೋಗಿಗೆ ಹೋಯಿತು, ರೋಗಿ ವಾಪಸ್ ತಂದ ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ ಉಳಿದಿದೆ, ಎಲ್ಲದಕ್ಕೂ ಲೆಕ್ಕ. ಕೆಲವು ಟ್ರಯಲ್‌ಗಳಲ್ಲಿ ಅಸಲಿ ಔಷಧಕ್ಕೂ ಪ್ಲಸೀಬೋಗೂ (ಔಷಧದ ಅಂಶವೇ ಇಲ್ಲದ ಡಮ್ಮಿ) ಬಣ್ಣದಲ್ಲಿ ವ್ಯತ್ಯಾಸ ಇರುತ್ತೆ. ಆಗ ಅದನ್ನು ತಯಾರು ಮಾಡುವ ಫಾರ್ಮಸಿಸ್ಟ್‌ಗೆ ಮಾತ್ರ ಯಾವುದು ಏನು ಅಂತ ಗೊತ್ತಿರುತ್ತೆ. ಡ್ರಿಪ್ ಬಾಟಲಿಗೆ ಕವರ್ ಹಾಕಿ ವಾರ್ಡ್‌ಗೆ ಕಳಿಸುತ್ತಾರೆ. ಡಾಕ್ಟರಿಗೂ ಹೇಳುವ ಹಾಗಿಲ್ಲ, ರೋಗಿಗೂ ಹೇಳುವ ಹಾಗಿಲ್ಲ. ಇಡೀ ಟ್ರಯಲ್‌ನ ಬ್ಲೈಂಡಿಂಗ್, ಅಂದರೆ ಈ ಗುಟ್ಟು, ಆ ಒಬ್ಬರ ಬಾಯಿಯ ಮೇಲೆ ನಿಂತಿರುತ್ತೆ.

ಇನ್ನು ಅಡ್ಡಪರಿಣಾಮ. ರೋಗಿ ಈಗಾಗಲೇ ಐದು ಮಾತ್ರೆ ತಗೋತಿದ್ದಾರೆ, ಟ್ರಯಲ್ ಔಷಧ ಆರನೆಯದು, ಮೈಮೇಲೆ ದದ್ದು ಎದ್ದಿದೆ. ಯಾವುದರಿಂದ ಬಂತು? ಅಡ್ಡಪರಿಣಾಮಕ್ಕೆ ಔಷಧವೇ ಕಾರಣವಾ ಅಂತ ಅಳೆಯುವ ನರಾಂಜೊ ಸ್ಕೇಲ್, ಡಬ್ಲ್ಯುಎಚ್‌ಒ-ಯುಎಂಸಿ ಮಾನದಂಡ ಅಂತ ನೀವು ಪರೀಕ್ಷೆಗೆ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಔಷಧ ಔಷಧದ ನಡುವಿನ ಜಗಳ ಹಿಡಿಯುವುದರಲ್ಲಿ ಫಾರ್ಮಸಿ ಓದಿದವರು ಬೇರೆ ಲೈಫ್ ಸೈನ್ಸ್ ಪದವೀಧರರಿಗಿಂತ ಮುಂದೆ ಇರುತ್ತಾರೆ. ಈ ಬಲವನ್ನು ನಮ್ಮ ಹುಡುಗ ಹುಡುಗಿಯರು ತಾವೇ ಗುರುತಿಸಿಕೊಳ್ಳುವುದಿಲ್ಲ. ಅದು ನನಗೆ ಬೇಸರದ ವಿಷಯ.

ಪಿಜಿಗೆ ಯಾವ ಯಾವ ದಾರಿ ಇದೆ?

ಮೊದಲನೆಯದು ಎಂ.ಫಾರ್ಮ್, ಎರಡು ವರ್ಷ. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಪಿಸಿಐ ಪಠ್ಯಕ್ರಮದ ಪ್ರಕಾರ ಫಾರ್ಮಸಿ ಪ್ರಾಕ್ಟೀಸ್ ವಿಭಾಗದಲ್ಲಿ ಕ್ಲಿನಿಕಲ್ ರಿಸರ್ಚ್ ಒಂದು ಪೂರ್ತಿ ಪೇಪರ್. ಜೊತೆಗೆ ಫಾರ್ಮಕೋಎಪಿಡೆಮಿಯಾಲಜಿ (ಜನಸಮುದಾಯದಲ್ಲಿ ಔಷಧದ ಬಳಕೆ, ಪರಿಣಾಮದ ಅಧ್ಯಯನ), ಫಾರ್ಮಕೋಎಕನಾಮಿಕ್ಸ್ (ಔಷಧದ ಖರ್ಚು, ಪ್ರಯೋಜನದ ಲೆಕ್ಕ) ಇರುತ್ತೆ. ಎಂ.ಫಾರ್ಮ್ ಫಾರ್ಮಕಾಲಜಿಯಲ್ಲೂ ಕ್ಲಿನಿಕಲ್ ರಿಸರ್ಚ್ ಮತ್ತು ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವುದು) ಪೇಪರ್ ಇದೆ. ಆದರೆ ಆ ವಿಭಾಗದ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಇಲಿ, ಸೆಲ್ ಲೈನ್ (ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶ) ಕಡೆ ಹೋಗುತ್ತವೆ. ರೆಗ್ಯುಲೇಟರಿ ಅಫೇರ್ಸ್ ಓದಿದರೆ ಟ್ರಯಲ್‌ಗೆ ಅನುಮತಿ ಪಡೆಯುವ ಕಡೆಯ ಕೆಲಸಕ್ಕೆ ಹತ್ತಿರವಾಗುತ್ತೀರಿ.

ಎರಡನೆಯದು ಬಿ.ಫಾರ್ಮ್ ಆದವರಿಗೆ ಫಾರ್ಮ್.ಡಿ ಪೋಸ್ಟ್ ಬ್ಯಾಕಲಾರಿಯೇಟ್. ಮೂರು ವರ್ಷ, ಅದರಲ್ಲಿ ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮೂರನೆಯದು ವಿಶ್ವವಿದ್ಯಾಲಯಗಳು ಕೊಡುವ ಎಂ.ಎಸ್ಸಿ ಕ್ಲಿನಿಕಲ್ ರಿಸರ್ಚ್. ಇದಕ್ಕೆ ಲೈಫ್ ಸೈನ್ಸ್, ನರ್ಸಿಂಗ್ ಓದಿದವರೂ ಬರುತ್ತಾರೆ. ಪಿಜಿ ಡಿಪ್ಲೊಮಾ ಬಗ್ಗೆ ಕೆಳಗೆ ಬೇರೆ ಹೇಳಿದ್ದೇನೆ.

ಹೊರ ರಾಜ್ಯಕ್ಕೆ ಹೋಗಲು ಸಿದ್ಧ ಇದ್ದರೆ ನೈಪರ್ (ಕೇಂದ್ರ ಸರ್ಕಾರದ ಫಾರ್ಮಸಿ ಉನ್ನತ ಶಿಕ್ಷಣ) ಸಂಸ್ಥೆಗಳನ್ನು ಮರೆಯಬೇಡಿ. ಅಲ್ಲಿಗೆ ಬೇರೆಯೇ ಜಂಟಿ ಪ್ರವೇಶ ಪರೀಕ್ಷೆ ಇದೆ.

ಎಂ.ಫಾರ್ಮ್ ಪ್ರಾಕ್ಟೀಸ್ ತಗೊಳ್ಳಲಾ, ಎಂ.ಎಸ್ಸಿ ಕ್ಲಿನಿಕಲ್ ರಿಸರ್ಚ್ ತಗೊಳ್ಳಲಾ?

ಮುಂದೆ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಸ್ವಲ್ಪವಾದರೂ ಇದ್ದರೆ ಎಂ.ಫಾರ್ಮ್. ಬೋಧಕರ ಅರ್ಹತೆಗೆ ಪಿಸಿಐ ಕೇಳುವುದು ಫಾರ್ಮಸಿ ಪದವಿಗಳನ್ನು. ಎಂ.ಎಸ್ಸಿ ಆ ಬಾಗಿಲು ತೆರೆಯುವುದಿಲ್ಲ.

ಪಾಠದ ಯೋಚನೆ ಇಲ್ಲ, ಇಂಡಸ್ಟ್ರಿಯೇ ಬೇಕು ಅನ್ನುವವರಿಗೆ ಎರಡೂ ನಡೆಯುತ್ತೆ. ಕಂಪನಿಗಳು ನಿಮ್ಮ ಪದವಿಯ ಹೆಸರಿಗಿಂತ ನಿಮಗೆ ಏನು ಗೊತ್ತು ಅಂತ ಜಾಸ್ತಿ ನೋಡುತ್ತವೆ. ಹಾಗಾಗಿ ನನ್ನನ್ನು ಕೇಳಿದರೆ, ಕೋರ್ಸ್ ಹೆಸರು ನೋಡಿ ಆರಿಸಬೇಡಿ. ಕಾಲೇಜಿನ ಹಿಂದೆ ಇರುವ ಆಸ್ಪತ್ರೆ ನೋಡಿ ಆರಿಸಿ. ಇದನ್ನೇ ಮುಂದೆ ವಿವರವಾಗಿ ಹೇಳುತ್ತೇನೆ.

ಕಾಲೇಜು ಆರಿಸುವಾಗ ಏನು ನೋಡಬೇಕು?

ಆಸ್ಪತ್ರೆ. ಮೊದಲು ಅದು, ಆಮೇಲೆ ಉಳಿದದ್ದು.

ಫಾರ್ಮ್.ಡಿ ನಡೆಸುವ ಕಾಲೇಜಿಗೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯ ಜೊತೆ ಸಂಬಂಧ ಇರಬೇಕು ಅಂತ 2008ರ ಪಿಸಿಐ ನಿಯಮವೇ ಹೇಳುತ್ತೆ. ಆದರೆ ಕಾಗದದ ಮೇಲೆ ಒಪ್ಪಂದ ಇರುವುದು ಬೇರೆ, ವಿದ್ಯಾರ್ಥಿ ದಿನಾ ಬೆಳಗ್ಗೆ ವಾರ್ಡ್ ರೌಂಡ್ಸ್‌ನಲ್ಲಿ ನಿಲ್ಲುವುದು ಬೇರೆ. ಕೆಲವು ಕಾಲೇಜುಗಳ ಆಸ್ಪತ್ರೆ ಅದೇ ಸಂಸ್ಥೆಯದ್ದು. ಇನ್ನು ಕೆಲವು ಕಡೆ ಆಸ್ಪತ್ರೆ ಬೇರೆಯವರದ್ದು, ಬಸ್ಸಿನಲ್ಲಿ ಹೋಗಿ ಬರಬೇಕು, ಅಲ್ಲಿನ ಡಾಕ್ಟರಿಗೆ ನೀವು ಯಾರು ಅಂತಲೇ ಗೊತ್ತಿರುವುದಿಲ್ಲ.

ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಫಾರ್ಮಸಿ ಪ್ರಾಕ್ಟೀಸ್ ಶುರು ಮಾಡಿದ ಮೊದಲ ಕಾಲೇಜುಗಳಲ್ಲಿ ಒಂದು. ಮಣಿಪಾಲದ ಫಾರ್ಮಸಿ ಕಾಲೇಜಿಗೆ ಕಸ್ತೂರ್ಬಾ ಆಸ್ಪತ್ರೆ ಇದೆ. ಬೆಳಗಾವಿಯಲ್ಲಿ ಕೆಎಲ್‌ಇ ಇದೆ. ಇವು ಉದಾಹರಣೆಗೆ ಹೇಳಿದ್ದು, ಇವೇ ಆಗಬೇಕು ಅಂತಲ್ಲ. ಜಿಲ್ಲಾ ಕೇಂದ್ರದ ಒಂದು ಸಾಧಾರಣ ಕಾಲೇಜಿನ ಪಕ್ಕದಲ್ಲಿ ಸದಾ ತುಂಬಿರುವ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದ್ದು, ಅಲ್ಲಿ ಪ್ರಾಕ್ಟೀಸ್ ವಿಭಾಗದವರಿಗೆ ಮರ್ಯಾದೆ ಇದ್ದರೆ, ಬೆಂಗಳೂರಿನ ಹೊಳೆಯುವ ಕಟ್ಟಡಕ್ಕಿಂತ ಅದೇ ವಾಸಿ.

ಹೋಗಿ ನೋಡಿ. ಬ್ರೋಷರ್ ಸಾಲದು. ಅಲ್ಲಿ ಓದುತ್ತಿರುವ ಸೀನಿಯರ್ ಒಬ್ಬರನ್ನು ಕ್ಯಾಂಟೀನ್‌ನಲ್ಲಿ ಕೂರಿಸಿಕೊಂಡು ಕೇಳಿ: ವಾರಕ್ಕೆ ಎಷ್ಟು ದಿನ ವಾರ್ಡ್‌ಗೆ ಹೋಗುತ್ತೀರಿ? ಆಸ್ಪತ್ರೆಯಲ್ಲಿ ಈಗ ಯಾವ ಟ್ರಯಲ್ ನಡೆಯುತ್ತಿದೆ? ಎಥಿಕ್ಸ್ ಕಮಿಟಿ ಎಷ್ಟು ತಿಂಗಳಿಗೊಮ್ಮೆ ಸೇರುತ್ತೆ? ಹೋದ ವರ್ಷದವರ ಡಿಸರ್ಟೇಶನ್ (ಪಿಜಿಯ ಸಂಶೋಧನಾ ಪ್ರಬಂಧ) ವಿಷಯಗಳು ಏನಿದ್ದವು? ಅಡ್ಡಪರಿಣಾಮ ವರದಿ ಮಾಡುವ ಸೆಂಟರ್ ಇದೆಯಾ? ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಶುರುವಾಯಿತು, ಅದರ ಅಡಿಯಲ್ಲಿ ಅನೇಕ ಮೆಡಿಕಲ್ ಕಾಲೇಜುಗಳಲ್ಲಿ ಇಂಥ ಸೆಂಟರ್‌ಗಳಿವೆ. ಅಂಥ ಕಡೆ ಓದಿದರೆ ವಿದ್ಯಾರ್ಥಿಯಾಗಿದ್ದಾಗಲೇ ನಿಜವಾದ ರಿಪೋರ್ಟ್ ಬರೆಯುವ ಅಭ್ಯಾಸ ಆಗುತ್ತೆ.

ಟ್ರಯಲ್ ನಿಜವಾಗಿ ನಡೆಯುತ್ತಿದೆಯಾ ಅಂತ ನೀವೇ ಪರೀಕ್ಷಿಸಬಹುದು. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ, ಅಂದರೆ ಸಿಟಿಆರ್‌ಐ ವೆಬ್‌ಸೈಟ್ ಎಲ್ಲರಿಗೂ ತೆರೆದಿದೆ. 2009ರ ಜೂನ್‌ನಿಂದ ಅಲ್ಲಿ ನೋಂದಣಿ ಕಡ್ಡಾಯ. ಪ್ರತಿ ಟ್ರಯಲ್‌ಗೂ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತೆ ಅನ್ನುವ ಪಟ್ಟಿ ಇರುತ್ತೆ. ನೀವು ಸೇರಬೇಕೆಂದಿರುವ ಕಾಲೇಜಿನ ಆಸ್ಪತ್ರೆ ಹೆಸರು ಹಾಕಿ ಹುಡುಕಿ. ಏನೂ ಸಿಗದಿದ್ದರೆ ಅದೂ ಒಂದು ಉತ್ತರವೇ.

ಜಿಪ್ಯಾಟ್ ಬರೆಯಲೇಬೇಕಾ?

ಬರೆಯಿರಿ. ಜಿಪ್ಯಾಟ್ ಅಂದರೆ ಎಂ.ಫಾರ್ಮ್‌ಗೆ ಇರುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಅದಿಲ್ಲದೆಯೂ ಎಂ.ಫಾರ್ಮ್ ಸೀಟು ಸಿಗುತ್ತೆ, ನಿಜ. ಆದರೆ ಜಿಪ್ಯಾಟ್ ಪಾಸಾಗಿ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆ ಇರುವ ಕಾಲೇಜಿನಲ್ಲಿ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತೆ, 24 ತಿಂಗಳವರೆಗೆ. ಬಹಳ ಮನೆಗಳಲ್ಲಿ ಓದು ಮುಂದುವರಿಯುತ್ತಾ ನಿಲ್ಲುತ್ತಾ ಅನ್ನುವುದು ಈ ದುಡ್ಡಿನ ಮೇಲೆ ನಿಂತಿರುತ್ತೆ. ಬಿ.ಫಾರ್ಮ್ ಕೊನೆಯ ವರ್ಷದಲ್ಲಿ ಇರುವಾಗಲೇ ಬರೆಯಬಹುದು. 2024ರಿಂದ ಪರೀಕ್ಷೆ ನಡೆಸುತ್ತಿರುವುದು ಎನ್‌ಬಿಇಎಂಎಸ್, ಅಂದರೆ ವೈದ್ಯಕೀಯ ಪರೀಕ್ಷೆಗಳ ರಾಷ್ಟ್ರೀಯ ಮಂಡಳಿ. ಒಟ್ಟು 125 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಸುಮ್ನೆ ಊಹೆ ಮಾಡಿ ಗುರುತು ಹಾಕಬೇಡಿ.

ಕರ್ನಾಟಕದ ಸರ್ಕಾರಿ ಕೋಟಾ ಸೀಟುಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಣೆ ಗಮನಿಸುತ್ತಿರಿ. ದಾಖಲೆ ಪರಿಶೀಲನೆಯ ದಿನ ತಪ್ಪಿಸಿಕೊಂಡು ಸೀಟು ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ನಾನು ಫಾರ್ಮ್.ಡಿ. ಆರು ವರ್ಷ ಓದಿದ ಮೇಲೆ ಮತ್ತೆ ಪಿಜಿ ಬೇಕಾ?

ಬೇಡ ಅಂತಲೇ ನನ್ನ ಅಭಿಪ್ರಾಯ. ನಿಮ್ಮ ಐದನೇ ವರ್ಷದಲ್ಲಿ ಕ್ಲಿನಿಕಲ್ ರಿಸರ್ಚ್ ಒಂದು ಪೂರ್ತಿ ಪೇಪರ್. ಆರನೇ ವರ್ಷ ಇಂಟರ್ನ್‌ಶಿಪ್‌ನಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಆಮೇಲೆ ಮೂರು ಬೇರೆ ವಿಭಾಗಗಳಲ್ಲಿ ಎರಡೆರಡು ತಿಂಗಳು ಇರುತ್ತೀರಿ. ಎಂ.ಎಸ್ಸಿ ಹುಡುಗರಿಗೆ ಇದರ ಕಾಲು ಭಾಗವೂ ಸಿಗುವುದಿಲ್ಲ. ಅದೇ ವಿಷಯವನ್ನು ಇನ್ನೊಮ್ಮೆ ಎರಡು ವರ್ಷ, ಮತ್ತೆ ಫೀಸು ಕಟ್ಟಿ ಓದುವುದು ಯಾಕೆ? ನೇರ ಕೆಲಸಕ್ಕೆ ಹೋಗಿ, ಅಥವಾ ಪಿಎಚ್‌ಡಿ ನೋಡಿ.

ಹೊಸ ವಿಷಯ ಕಲಿಯಬೇಕು ಅನ್ನಿಸಿದರೆ ಮಾತು ಬೇರೆ. ಬಯೋಸ್ಟ್ಯಾಟಿಸ್ಟಿಕ್ಸ್, ಎಪಿಡೆಮಿಯಾಲಜಿ, ಪಬ್ಲಿಕ್ ಹೆಲ್ತ್ ಇಂಥದ್ದರಲ್ಲಿ ಮಾಸ್ಟರ್ಸ್ ಮಾಡಿದರೆ ಫಾರ್ಮ್.ಡಿ ಮೇಲೆ ಇನ್ನೊಂದು ಕೌಶಲ ಸೇರುತ್ತೆ. ಅದಕ್ಕೆ ಅರ್ಥ ಇದೆ.

ಆರು ತಿಂಗಳ ಡಿಪ್ಲೊಮಾ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ಜಾಹೀರಾತು ಬರುತ್ತೆ. ಸೇರಲಾ?

ಹುಷಾರು. ಒಳ್ಳೆಯ ಡಿಪ್ಲೊಮಾ ಕೋರ್ಸ್‌ಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಮೊದಲು ಸರ್ಟಿಫಿಕೇಟ್ ಕೊಡುವವರು ಯಾರು ಅಂತ ನೋಡಿ. ಯುಜಿಸಿ ಮಾನ್ಯತೆ ಇರುವ ವಿಶ್ವವಿದ್ಯಾಲಯವಾ, ಇಲ್ಲ ಎರಡನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ನಡೆಯುವ ಟ್ರೇನಿಂಗ್ ಸೆಂಟರಾ? ಎರಡನೆಯದಾದರೆ ಅದು ಪಿಜಿ ಅಲ್ಲ, ಟ್ರೇನಿಂಗ್ ಅಷ್ಟೆ. ಅದಕ್ಕೆ ತಕ್ಕ ದುಡ್ಡು ಮಾತ್ರ ಕೊಡಿ. ಅಪ್ಪ ಸಾಲ ಮಾಡಿ ಕಟ್ಟುವಷ್ಟು ಫೀಸು ಅದಕ್ಕೆ ಸಲ್ಲುವುದಿಲ್ಲ.

ಕೆಲಸ ಕೊಡಿಸುತ್ತೇವೆ, ಡೆಪಾಸಿಟ್ ಕಟ್ಟಿ ಅನ್ನುವವರಿಂದ ದೂರ ಇರಿ. ದೊಡ್ಡ ಕಂಪನಿಗಳು ಕೆಲಸಕ್ಕೆ ತಗೊಳ್ಳುವಾಗ ಅಭ್ಯರ್ಥಿಯಿಂದ ದುಡ್ಡು ಕೇಳುವುದಿಲ್ಲ. ಆಫರ್ ಲೆಟರ್ ಬಂದರೆ ಅದು ಕಂಪನಿಯ ಸ್ವಂತ ಇಮೇಲ್‌ನಿಂದ ಬಂದಿದೆಯಾ ನೋಡಿ, ಅನುಮಾನ ಇದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಿ ಕೇಳಿ.

ಜನರ ಮೇಲೆ ಪ್ರಯೋಗ ಮಾಡೋ ಕೆಲಸ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ. ಏನು ಹೇಳಲಿ?

ಅವರ ಆತಂಕಕ್ಕೆ ಕಾರಣ ಇದೆ. ತಳ್ಳಿಹಾಕಬೇಡಿ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಟ್ಟ ಯೋಜನೆಯ ವಿಷಯ ದೊಡ್ಡ ವಿವಾದವಾಯಿತು. ಲಸಿಕೆಯಿಂದ ಸಾವು ಸಂಭವಿಸಿದೆ ಅಂತ ತನಿಖೆಯಲ್ಲಿ ಸಾಬೀತಾಗಲಿಲ್ಲ. ಆದರೆ ಒಪ್ಪಿಗೆ ಪತ್ರದ ಕಥೆ ನಾಚಿಕೆಗೇಡು. ಎಷ್ಟೋ ಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಅಪ್ಪ ಅಮ್ಮನಿಗೆ ಗೊತ್ತೇ ಇರಲಿಲ್ಲ. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಅದೇ ಕಾಲದಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಟ್ರಯಲ್‌ಗಳ ಬಗ್ಗೆ ವಿಚಾರಣೆ ನಡೆಯಿತು. ನಿಯಮಗಳು ಬಿಗಿಯಾದವು.

ಈಗ ಇರುವುದು 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್. ಟ್ರಯಲ್‌ಗೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಅನುಮತಿ ಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು. ಆ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಗೆ ಸಂಬಂಧವಿಲ್ಲದವರಾಗಿರಬೇಕು, ಕಾನೂನು ಬಲ್ಲವರು ಮತ್ತು ಸಾಮಾನ್ಯ ಜನರ ಪರವಾಗಿ ಒಬ್ಬರು ಇರಲೇಬೇಕು. ರೋಗಿಗೆ ಗಂಭೀರ ತೊಂದರೆ ಆದರೆ ಇನ್ವೆಸ್ಟಿಗೇಟರ್ 24 ಗಂಟೆಯೊಳಗೆ ತಿಳಿಸಬೇಕು. ಟ್ರಯಲ್‌ನಲ್ಲಿ ಗಾಯ, ಕಾಯಿಲೆ ಆದರೆ ಚಿಕಿತ್ಸೆ ಉಚಿತ. ಟ್ರಯಲ್‌ನಿಂದಲೇ ಆಗಿದ್ದು ಅಂತ ತೀರ್ಮಾನವಾದರೆ ಪರಿಹಾರ ಕೊಡಬೇಕು. ರೋಗಿ ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಗೆ ಬರಬಹುದು.

ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಕಾಯುವ ಒಬ್ಬರು ಆಸ್ಪತ್ರೆಯ ಆ ಕೋಣೆಯಲ್ಲಿ ಇರಬೇಕು. ಆ ಕೆಲಸ ನನ್ನದು ಅಂತ ಮನೆಯವರಿಗೆ ಹೇಳಿ. ತಪ್ಪಾದ ಸಹಿ ಕಂಡಾಗ ತಡೆಯುವವರು ಇದ್ದಿದ್ದರೆ ಖಮ್ಮಂನಲ್ಲಿ ಹಾಗೆ ಆಗುತ್ತಿರಲಿಲ್ಲ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಅಷ್ಟು ಸರಾಗ ಇಲ್ಲ. ತೊಂದರೆ ಆಗುತ್ತಾ?

ಪ್ರೋಟೋಕಾಲ್ (ಟ್ರಯಲ್ ಹೇಗೆ ನಡೆಸಬೇಕು ಅನ್ನುವ ಬರಹ), ಇಮೇಲ್, ರಿಪೋರ್ಟ್ ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತೆ. ಅದನ್ನು ಕಲಿಯಲೇಬೇಕು, ಎರಡು ವರ್ಷದಲ್ಲಿ ಬರುತ್ತೆ. ಚಂದದ ಇಂಗ್ಲಿಷ್ ಯಾರೂ ಕೇಳಲ್ಲ. ಸ್ಪಷ್ಟವಾಗಿ, ತಪ್ಪಿಲ್ಲದೆ ಬರೆಯುವುದು ಕೇಳುತ್ತಾರೆ.

ಆದರೆ ನಿಮ್ಮ ಕನ್ನಡ ಎಷ್ಟು ದೊಡ್ಡ ಆಸ್ತಿ ಅಂತ ಗೊತ್ತಾ? ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅದನ್ನು ಎಥಿಕ್ಸ್ ಕಮಿಟಿ ನೋಡಿ ಒಪ್ಪಬೇಕು. ಇಂಗ್ಲಿಷ್ ಪತ್ರವನ್ನು ಎಲ್ಲೋ ಕುಳಿತ ಏಜೆನ್ಸಿ ಕನ್ನಡಕ್ಕೆ ತಂದಾಗ ಅದು ಎಷ್ಟೋ ಸಲ ಓದಲಾಗದಷ್ಟು ಗಟ್ಟಿಯಾಗಿರುತ್ತೆ. "ಯಾದೃಚ್ಛಿಕ ಹಂಚಿಕೆ" ಅಂದರೆ ರಾಯಚೂರಿನ ರೈತನಿಗೆ ಏನು ತಿಳಿಯಬೇಕು? "ನಿಮಗೆ ಯಾವ ಔಷಧ ಬರುತ್ತೆ ಅಂತ ನಾವು ಆರಿಸಲ್ಲ, ಡಾಕ್ಟರೂ ಆರಿಸಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತೆ" ಅಂದರೆ ಅವರೇ ಮುಂದಿನ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಬಂತು ಅಂದರೆ ಅರ್ಥ ಆಯಿತು ಅಂತ.

ಓದಲು ಬರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಪಕ್ಕದಲ್ಲಿ ಇರಬೇಕು. ಪತ್ರವನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿ ಸಹಿ ಹಾಕಬೇಕು. ಹೊಸ ಅಣುವಿನ, ಅಂದರೆ ಹಿಂದೆ ಔಷಧವಾಗಿ ಒಪ್ಪಿಗೆ ಪಡೆಯದ ವಸ್ತುವಿನ, ಟ್ರಯಲ್‌ನಲ್ಲಿ ದುರ್ಬಲ ವರ್ಗದವರು ಭಾಗವಹಿಸಿದರೆ ಈ ಮಾತುಕತೆಯ ವಿಡಿಯೋ ಮಾಡಬೇಕು. ಎಚ್‌ಐವಿ ಮತ್ತು ಕುಷ್ಠರೋಗದ ಔಷಧವಾದರೆ ಧ್ವನಿ ಮಾತ್ರ. ಆ ವಿಡಿಯೋದಲ್ಲಿ ನಿಮ್ಮ ಕನ್ನಡ ರೋಗಿಯ ಮನೆಯ ಕನ್ನಡದ ಹಾಗೆ ಇರಬೇಕು. ಧಾರವಾಡದ ಕಡೆಯವರು, ಕರಾವಳಿಯವರು, ಚಾಮರಾಜನಗರದವರು ತಮ್ಮ ತಮ್ಮ ಕಡೆಯ ಮಾತನ್ನು ಇಲ್ಲಿ ಧೈರ್ಯವಾಗಿ ಬಳಸಿ. ಉರ್ದು, ತೆಲುಗು, ತುಳು, ಮರಾಠಿ ಬಂದರೆ ಇನ್ನೂ ಒಳ್ಳೆಯದು. ಸಿವಿಯಲ್ಲಿ ಬರೆಯಿರಿ.

ಡಿಸರ್ಟೇಶನ್‌ಗೆ ನಾನೇ ಒಂದು ಟ್ರಯಲ್ ಮಾಡಬಹುದಾ?

ಹೊಸ ಔಷಧದ ಟ್ರಯಲ್ ನಿಮ್ಮ ಒಂದು ವರ್ಷದಲ್ಲಿ ಆಗುವ ಕೆಲಸವಲ್ಲ. ಹೆಚ್ಚಿನವರು ಅಬ್ಸರ್ವೇಷನಲ್ ಸ್ಟಡಿ, ಅಂದರೆ ಚಿಕಿತ್ಸೆ ಬದಲಿಸದೆ ಗಮನಿಸುವ ಅಧ್ಯಯನ, ಮಾಡುತ್ತಾರೆ: ಒಂದು ವಾರ್ಡ್‌ನಲ್ಲಿ ಆ್ಯಂಟಿಬಯಾಟಿಕ್ ಹೇಗೆ ಬರೆಯುತ್ತಿದ್ದಾರೆ, ಸಕ್ಕರೆ ಕಾಯಿಲೆಯವರು ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದಾರಾ, ಕೀಮೋಥೆರಪಿ ಅಡ್ಡಪರಿಣಾಮ ಯಾವುವು. ಇದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಚಿಕ್ಕ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಮಾಡಿದ ಡಿಸರ್ಟೇಶನ್ ದೊಡ್ಡ ಹೆಸರಿನ ಟೊಳ್ಳು ಕೆಲಸಕ್ಕಿಂತ ಎಷ್ಟೋ ಮೇಲು.

ಎಥಿಕ್ಸ್ ಕಮಿಟಿಗೆ ಬೇಗ ಅರ್ಜಿ ಹಾಕಿ. ಒಂದು ಮೀಟಿಂಗ್ ತಪ್ಪಿದರೆ ಮುಂದಿನದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಅನುಮತಿ ಬರುವ ಮೊದಲು ಒಬ್ಬ ರೋಗಿಯ ಡೇಟಾ ಕೂಡ ತೆಗೆದುಕೊಳ್ಳಬೇಡಿ, ಗೈಡ್ ಪರವಾಗಿಲ್ಲ ಅಂದರೂ. ಚಿಕಿತ್ಸೆ ಬದಲಿಸಿ ನೋಡುವ ಸ್ಟಡಿಯಾದರೆ ಮೊದಲ ರೋಗಿ ಸೇರುವ ಮೊದಲೇ ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ತಡವಾದ ನೋಂದಣಿಯನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ಸಂಜೆ ಹಾಸ್ಟೆಲ್‌ನಲ್ಲಿ ಕುಳಿತು ಡೇಟಾ ತುಂಬಿಸುವ ಚಾಳಿ ಕೆಲವು ಕಡೆ ಇದೆ. ಅದಕ್ಕೆ ಕೈ ಹಾಕಲೇಬೇಡಿ. ನಾಳೆ ನೀವು ಸೇರುವ ಕ್ಷೇತ್ರ ನಿಂತಿರುವುದೇ ಬರೆದದ್ದು ನಿಜ ಅನ್ನುವ ನಂಬಿಕೆಯ ಮೇಲೆ.

ಸ್ಟ್ಯಾಟಿಸ್ಟಿಕ್ಸ್ ಅಂದರೆ ಭಯ.

ಲೆಕ್ಕ ಮಾಡಲು ಸಾಫ್ಟ್‌ವೇರ್ ಇದೆ. ನಿಮಗೆ ಬೇಕಾಗಿರುವುದು ಅರ್ಥ: ಸ್ಯಾಂಪಲ್ ಸೈಜ್ ಇಷ್ಟೇ ಯಾಕೆ, ಕಾನ್ಫಿಡೆನ್ಸ್ ಇಂಟರ್ವಲ್ ಏನು ಹೇಳುತ್ತೆ, ಪಿ ವ್ಯಾಲ್ಯೂ ಏನು ಹೇಳುವುದಿಲ್ಲ. ಆರ್ ಅನ್ನುವ ಸಾಫ್ಟ್‌ವೇರ್ ಉಚಿತ. ಕಲಿಯಲು ಸ್ಯಾಸ್‌ನ ಉಚಿತ ಆನ್‌ಲೈನ್ ಆವೃತ್ತಿಯೂ ಇದೆ. ಇದನ್ನು ಇಷ್ಟಪಟ್ಟು ಕಲಿತವರಿಗೆ ಕ್ಲಿನಿಕಲ್ ಪ್ರೋಗ್ರಾಮಿಂಗ್‌ನಲ್ಲಿ (ಟ್ರಯಲ್ ಡೇಟಾವನ್ನು ಕೋಡ್ ಬರೆದು ವಿಶ್ಲೇಷಿಸುವ ಕೆಲಸ) ಒಳ್ಳೆಯ ಭವಿಷ್ಯ ಇದೆ.

ಓದುವಾಗಲೇ ಮಾಡಬಹುದಾದ ಸರ್ಟಿಫಿಕೇಟ್ ಯಾವುದು?

ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಅಂದರೆ ಜಿಸಿಪಿ. ಟ್ರಯಲ್ ನಡೆಸುವ ಅಂತರರಾಷ್ಟ್ರೀಯ ನಿಯಮಾವಳಿ ಇದು. ಉಚಿತ ಆನ್‌ಲೈನ್ ಕೋರ್ಸ್‌ಗಳಿವೆ, ದುಡ್ಡು ಕೊಡಬೇಕಿಲ್ಲ. ಇದನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ ಮಾರ್ಗಸೂಚಿಯ ಮೂರನೇ ಪರಿಷ್ಕರಣೆ, ಇ6 ಆರ್3, 2025ರ ಜನವರಿಯಲ್ಲಿ ಬಂತು. ಹಳೆಯ ನೋಟ್ಸ್ ಓದುತ್ತಿದ್ದರೆ ಬದಲಿಸಿ. ಜೊತೆಗೆ ಚೆನ್ನೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯವರು ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್ ಅನ್ನುವ ಕೋರ್ಸ್ ನಡೆಸುತ್ತಾರೆ. ಪಾಠಗಳು ಚಿಕ್ಕವು, ತಿಳಿಯಾಗಿವೆ. ಪಿಜಿ ಸೇರುವ ಮೊದಲೇ ಅದನ್ನು ಮುಗಿಸಿ. ಇಷ್ಟು ಸಾಕು. ಹತ್ತು ಸರ್ಟಿಫಿಕೇಟ್ ಸಿವಿಯಲ್ಲಿ ಜೋಡಿಸಿದರೆ ಬೆಲೆ ಜಾಸ್ತಿ ಆಗಲ್ಲ.

ಮೊದಲ ಕೆಲಸ ಯಾವುದು ಸಿಗುತ್ತೆ? ಎಲ್ಲಿ?

ಮೂರು ಬಾಗಿಲು ಸಾಮಾನ್ಯ. ಒಂದು, ಆಸ್ಪತ್ರೆಯಲ್ಲಿ ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್, ಸಿಆರ್‌ಸಿ. ರೋಗಿ, ಡಾಕ್ಟರ್, ಸ್ಪಾನ್ಸರ್ ಮೂವರ ನಡುವೆ ಓಡಾಡುವ ಕೆಲಸ. ಎರಡು, ಫಾರ್ಮಕೋವಿಜಿಲೆನ್ಸ್, ಅಂದರೆ ಡ್ರಗ್ ಸೇಫ್ಟಿ ಅಸೋಸಿಯೇಟ್. ಪ್ರಪಂಚದ ಎಲ್ಲೆಡೆಯಿಂದ ಬರುವ ಅಡ್ಡಪರಿಣಾಮ ವರದಿಗಳನ್ನು ಓದಿ, ಮೆಡ್‌ಡ್ರಾ (ವೈದ್ಯಕೀಯ ಪದಗಳ ಅಂತರರಾಷ್ಟ್ರೀಯ ಕೋಶ) ಕೋಡ್ ಹಾಕಿ, ನರೇಟಿವ್ (ನಡೆದದ್ದರ ವಿವರ) ಬರೆಯುವುದು. ಮೂರು, ಕ್ಲಿನಿಕಲ್ ಡೇಟಾ ಮ್ಯಾನೇಜ್‌ಮೆಂಟ್, ಅಂದರೆ ಟ್ರಯಲ್‌ನ ಮಾಹಿತಿ ಸರಿಯಾಗಿದೆಯಾ ಅಂತ ನೋಡಿ ಜೋಡಿಸುವುದು.

ಬೆಂಗಳೂರಿನಲ್ಲಿ ಐಕ್ಯೂವಿಯಾ, ಪ್ಯಾರೆಕ್ಸೆಲ್, ಸಿಂಜೀನ್ ಮುಂತಾದ ಕಂಪನಿಗಳಿವೆ. ಆರೋಗ್ಯವಂತ ಸ್ವಯಂಸೇವಕರಲ್ಲಿ ನಡೆಯುವ ಬಯೋಇಕ್ವಿವಲೆನ್ಸ್ ಸ್ಟಡಿಗಳು (ಎರಡು ಕಂಪನಿಯ ಒಂದೇ ಔಷಧ ದೇಹದಲ್ಲಿ ಒಂದೇ ಥರ ಸೇರುತ್ತಾ ಅಂತ ನೋಡುವುದು) ಅಹಮದಾಬಾದ್, ಹೈದರಾಬಾದ್ ಕಡೆ ಜಾಸ್ತಿ. ಆಸ್ಪತ್ರೆಗಳ ಪೈಕಿ ನಿಮ್ಹಾನ್ಸ್, ಕಿದ್ವಾಯಿ, ಸೇಂಟ್ ಜಾನ್ಸ್ ಇಂಥ ಕಡೆ ಸಂಶೋಧನೆ ವರ್ಷಗಳಿಂದ ನಡೆದುಕೊಂಡು ಬಂದಿದೆ.

ಹೆಚ್ಚಿನವರು ಎರಡನೇ ಬಾಗಿಲಿಗೆ ಓಡುತ್ತಾರೆ. ಸೀಟು ಜಾಸ್ತಿ, ಎಸಿ ಆಫೀಸು, ಕ್ಯಾಬ್ ಇರುತ್ತೆ. ತಪ್ಪೇನಿಲ್ಲ. ಆದರೂ ಸಾಧ್ಯವಾದರೆ ಮೊದಲ ಒಂದೆರಡು ವರ್ಷ ಸಿಆರ್‌ಸಿ ಆಗಿ ಅಂತ ನಾನು ಒತ್ತಿ ಹೇಳುತ್ತೇನೆ. ಸಂಬಳ ಸ್ವಲ್ಪ ಕಡಿಮೆ ಇರಬಹುದು. ಆದರೆ ವಿಸಿಟ್ ತಪ್ಪಿಸಿದ ರೋಗಿಗೆ ಫೋನ್ ಮಾಡಿ, ಬಸ್ ಚಾರ್ಜ್ ಇಲ್ಲದೆ ಬರಲಿಲ್ಲ ಅನ್ನುವುದನ್ನು ಕಿವಿಯಾರೆ ಕೇಳಿದವರು ಮುಂದೆ ಪ್ರೋಟೋಕಾಲ್ ಬರೆಯುವಾಗ ಬೇರೆ ಥರ ಬರೆಯುತ್ತಾರೆ.

ಸಿಆರ್‌ಎ ಆದರೆ ಊರೂರು ಸುತ್ತಬೇಕಂತೆ. ಮಗಳನ್ನು ಕಳಿಸಬಹುದಾ ಅಂತ ಅಪ್ಪ ಕೇಳ್ತಿದ್ದಾರೆ.

ಹೌದು, ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್ ಅಂದರೆ ಬೇರೆ ಬೇರೆ ಊರಿನ ಸೈಟ್‌ಗಳಿಗೆ (ಟ್ರಯಲ್ ನಡೆಯುವ ಆಸ್ಪತ್ರೆಗಳಿಗೆ) ಹೋಗಿ ದಾಖಲೆ ಪರಿಶೀಲಿಸುವುದು. ಪ್ರಯಾಣ ಇದ್ದೇ ಇರುತ್ತೆ. ಹೆಣ್ಣುಮಕ್ಕಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದಾರೆ. ಖರ್ಚು, ವಸತಿ ಕಂಪನಿಯದ್ದು. ಆಫೀಸಿನಿಂದಲೇ ಕಂಪ್ಯೂಟರ್ ಮೂಲಕ ಮಾಡುವ ಮಾನಿಟರಿಂಗ್ ಕೂಡ ಈಗ ಇದೆ. ಪ್ರಯಾಣ ಬೇಡವೇ ಬೇಡ ಅಂದರೆ ಡೇಟಾ, ಸೇಫ್ಟಿ, ಮೆಡಿಕಲ್ ರೈಟಿಂಗ್ ಇದೆ. ಆದರೆ ಈ ತೀರ್ಮಾನ ಮಗಳದ್ದಾಗಿರಲಿ.

ಅಮೆರಿಕಕ್ಕೆ ಹೋಗಿ ಎಂ.ಎಸ್ ಮಾಡಿದರೆ?

ಮಾಡಬಹುದು. ಎರಡು ವಿಷಯ ಮೊದಲೇ ತಿಳಿದಿರಲಿ.

ಅಲ್ಲಿ ಕ್ಲಿನಿಕಲ್ ರಿಸರ್ಚ್ ಎಂ.ಎಸ್ ಓದಿದರೆ ಫಾರ್ಮಸಿಸ್ಟ್ ಲೈಸೆನ್ಸ್ ಸಿಗಲ್ಲ. ಅದಕ್ಕೆ ಎಫ್‌ಪಿಜಿಇಇ, ನ್ಯಾಪ್ಲೆಕ್ಸ್ ಅನ್ನುವ ಪರೀಕ್ಷೆಗಳ ದಾರಿಯೇ ಬೇರೆ. 2003ರ ನಂತರ ಪದವಿ ಪಡೆದವರಿಗೆ ಅಲ್ಲಿ ಕನಿಷ್ಠ ಐದು ವರ್ಷದ ಫಾರ್ಮಸಿ ಪದವಿ ಕೇಳುತ್ತಾರೆ. ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಅದಕ್ಕೆ ಸಾಲದು, ಮೇಲೆ ಎಂ.ಫಾರ್ಮ್ ಮಾಡಿದರೂ ಲೆಕ್ಕಕ್ಕೆ ಬರಲ್ಲ. ಫಾರ್ಮ್.ಡಿಯವರಿಗೆ ದಾರಿ ಇದೆ.

ಎರಡನೆಯದು ಓದು ಮುಗಿದ ಮೇಲಿನ ಕೆಲಸದ ಅವಧಿ. ಓದಿದವರಿಗೆ ಅಲ್ಲಿ ಕೆಲಸ ಮಾಡಲು ಕೊಡುವ ಅನುಮತಿ, ಅಂದರೆ ಓಪಿಟಿ, 12 ತಿಂಗಳು. ಕೋರ್ಸ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸೇರುತ್ತೆ. ಕ್ಲಿನಿಕಲ್ ರಿಸರ್ಚ್ ಅನ್ನುವ ಹೆಸರಿನ ಎಲ್ಲ ಕೋರ್ಸ್‌ಗೂ ಸ್ಟೆಮ್ ಇರುತ್ತೆ ಅಂತ ನಂಬಬೇಡಿ. ಕೋರ್ಸ್ ಯಾವ ವಿಭಾಗದ್ದು ಅಂತ ಹೇಳುವ ಸಿಐಪಿ ಕೋಡ್ ಯಾವುದು ಅಂತ ವಿಶ್ವವಿದ್ಯಾಲಯಕ್ಕೇ ಇಮೇಲ್ ಮಾಡಿ ಕೇಳಿ. ದೊಡ್ಡ ಸಾಲ ತೆಗೆಯುವ ಮೊದಲು ಈ ಉತ್ತರ ಲಿಖಿತವಾಗಿ ಕೈಯಲ್ಲಿ ಇರಲಿ. ಇಲ್ಲಿ ಒಂದೆರಡು ವರ್ಷ ಕೆಲಸ ಮಾಡಿ ಹೋದವರಿಗೆ ಅಲ್ಲಿ ಕೆಲಸ ಹುಡುಕುವಾಗ ಹೇಳಿಕೊಳ್ಳಲು ಏನಾದರೂ ಇರುತ್ತೆ.

ಪಿಎಚ್‌ಡಿ?

ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಮಾಡಿ. ಕೆಲಸ ಸಿಗಲಿಲ್ಲ ಅಂತ ಮಾಡಬೇಡಿ.

ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ?

ಟ್ರಯಲ್‌ನ ಹಂತಗಳು, ಜಿಸಿಪಿ ತತ್ವಗಳು, ಸೀರಿಯಸ್ ಅಡ್ವರ್ಸ್ ಇವೆಂಟ್ ಅಂದರೆ ಏನು, ಎಷ್ಟು ಗಂಟೆಯೊಳಗೆ ವರದಿ, ಸೋರ್ಸ್ ಡಾಕ್ಯುಮೆಂಟ್‌ಗೂ (ಆಸ್ಪತ್ರೆಯ ಮೂಲ ದಾಖಲೆ) ಸಿಆರ್‌ಎಫ್‌ಗೂ (ಸ್ಪಾನ್ಸರ್‌ಗಾಗಿ ತುಂಬುವ ನಮೂನೆ) ಏನು ವ್ಯತ್ಯಾಸ. ಇವು ಎಲ್ಲ ಕಡೆ ಬರುತ್ತವೆ. ಗಂಭೀರ (ಸೀರಿಯಸ್) ಮತ್ತು ತೀವ್ರ (ಸಿವಿಯರ್) ಈ ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಜೋರು ತಲೆನೋವು ತೀವ್ರ ಇರಬಹುದು, ಆದರೆ ಗಂಭೀರ ಅಲ್ಲ. ಆ ತಲೆನೋವಿನಿಂದ ಆಸ್ಪತ್ರೆಗೆ ದಾಖಲಾದರೆ ಆಗ ಗಂಭೀರ.

ಆಮೇಲೆ ಸನ್ನಿವೇಶ ಕೊಡುತ್ತಾರೆ. ರೋಗಿ ಸಹಿ ಹಾಕಿದ ತಾರೀಕಿಗಿಂತ ಒಂದು ದಿನ ಮೊದಲೇ ರಕ್ತ ಪರೀಕ್ಷೆ ಆಗಿದೆ, ಏನು ಮಾಡುತ್ತೀರಿ? ತಾರೀಕು ತಿದ್ದುತ್ತೇನೆ ಅಂದರೆ ಇಂಟರ್‌ವ್ಯೂ ಅಲ್ಲಿಗೇ ಮುಗಿಯಿತು. ಪ್ರೋಟೋಕಾಲ್ ತಪ್ಪಿದ್ದನ್ನು ಇದ್ದ ಹಾಗೆ ಬರೆದು, ಇನ್ವೆಸ್ಟಿಗೇಟರ್‌ಗೂ ಎಥಿಕ್ಸ್ ಕಮಿಟಿಗೂ ಸ್ಪಾನ್ಸರ್‌ಗೂ ತಿಳಿಸುತ್ತೇನೆ, ಮತ್ತೆ ಹಾಗಾಗದಂತೆ ಸೈಟ್‌ನಲ್ಲಿ ಏನು ಬದಲಿಸಬೇಕು ಅಂತ ನೋಡುತ್ತೇನೆ ಅನ್ನಿ. ನಿಮ್ಮ ಡಿಸರ್ಟೇಶನ್ ಬಗ್ಗೆ ಖಂಡಿತ ಕೇಳುತ್ತಾರೆ. ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟು ಹೋದರು, ಯಾಕೆ ಬಿಟ್ಟರು ಅನ್ನುವುದನ್ನು ಪೇಪರ್ ನೋಡದೆ ಹೇಳುವಂತಿರಬೇಕು.